ಕದಲಿದ ಫೋಟೊ

ಸಿಂಧೂರಳ ಅಪ್ಪ ಶಂಕರ ಗದಗಿನ ಕಡೆಯವರು. ನೌಕಾಪಡೆಗೆ ಸೇರಿ ವಿಶಾಖಪಟ್ಟಣಕ್ಕೆ ಬಂದವರು ನಿವೃತ್ತರಾದ ಮೇಲೂ ಊರಿಗೆ ಮರಳದೆ, ಭೀಮುನಿಪಟ್ಟಣದಲ್ಲಿ ಮನೆ ಮಾಡಿಕೊಂಡು ಅಲ್ಲೇ ತೀರಿಹೋದರು. ಸಿಂಧೂರ ಓದಿದ್ದು ಇಂಗ್ಲಿಷಿನಲ್ಲಿ, ಗೆಳತಿಯರೊಂದಿಗೆ ನಕ್ಕಿದ್ದು, ಜಗಳವಾಡಿದ್ದು ತೆಲುಗಿನಲ್ಲಿ. ಕನ್ನಡ ಬೇಕಾಗುತ್ತಿದ್ದದ್ದು ಅವ್ವ ಮಂಗಳಾಗೌರಿಯ ಜೊತೆಗೆ ಮಾತ್ರ. ಮುದ್ದು ಮಾಡುವುದಕ್ಕೆ, ಗದರುವುದಕ್ಕೆ, ಜ್ವರ ಬಂದವರ ಹಣೆ ಮುಟ್ಟಿ ಕೇಳುವುದಕ್ಕೆ ಸಾಲುವಷ್ಟು ಕನ್ನಡ ಅವಳದು.

ಹಸುಗೂಸುಗಳ ಫೋಟೊ ತೆಗೆಯುವುದು ಅವಳ ಕಸುಬು. ಬಂದರಿನ ಅಧಿಕಾರಿಗಳು, ಋಷಿಕೊಂಡದ ಐಟಿ ಕಚೇರಿಯವರು, ನೌಕಾಪಡೆಯವರು ಎಲ್ಲರೂ ಅವಳನ್ನು ಮನೆಗೆ ಕರೆಸುತ್ತಿದ್ದರು. ಅವಳು ಕೂಸುಗಳಿಗೆ ಫ್ಲ್ಯಾಷ್ ಹಾಕುತ್ತಿರಲಿಲ್ಲ. ಅದರಿಂದ ಕಣ್ಣಿಗೆ ಏನೂ ಆಗುವುದಿಲ್ಲವೆಂದು ಮಕ್ಕಳ ಡಾಕ್ಟರೊಬ್ಬರು ಹೇಳಿದ್ದರೂ, ಕೂಸು ಬೆಚ್ಚಿಬಿದ್ದು ಎರಡೂ ಕೈ ಚಾಚುವುದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ. ಕಿಟಕಿಯ ಬೆಳಕು ಸಾಲದಿದ್ದರೆ "ನಾಳೆ ಬರುತ್ತೇನೆ" ಎಂದು ಎದ್ದುಬಿಡುತ್ತಿದ್ದಳು. ಕೂಸಿಗೆ ನಾಳೆ ಇದ್ದೇ ಇರುತ್ತದೆ ಎಂಬ ನಂಬಿಕೆಯ ಮೇಲೆ ನಡೆಯುತ್ತಿದ್ದ ಕಸುಬು ಅದು.

ಧನ್ಯಾ ತುಮಕೂರಿನವಳು. ಗಂಡ ಶ್ರೀವತ್ಸ ಬ್ಯಾಂಕ್ ಅಧಿಕಾರಿ. ವಿಶಾಖಪಟ್ಟಣದ ಶಾಖೆಯಲ್ಲಿದ್ದಾಗ ಇಬ್ಬರೂ ಋಷಿಕೊಂಡದ ಕಡಲತೀರದ ಮರಳಿನಲ್ಲಿ ನಿಂತು, ಹುಟ್ಟಲಿರುವ ಕೂಸಿನ ನೆನಪಿಗೆಂದು ಸಿಂಧೂರಳಿಂದ ಫೋಟೊ ತೆಗೆಸಿಕೊಂಡಿದ್ದರು. ಕನ್ನಡ ಕಿವಿಗೆ ಬಿದ್ದದ್ದೇ ತಡ, ಧನ್ಯಾ ಅವಳನ್ನು ಅಕ್ಕಾ ಎನ್ನತೊಡಗಿದಳು. ಆಮೇಲೆ ಶ್ರೀವತ್ಸನಿಗೆ ವಿಜಯವಾಡಕ್ಕೆ ವರ್ಗವಾಯಿತು. ಹೊಸ ಮನೆಯಲ್ಲಿ ಸಾಮಾನು ಬಿಚ್ಚುವ ಮೊದಲೇ ನೋವು ಕಾಣಿಸಿಕೊಂಡು, ದಿನ ತುಂಬದ ಗಂಡುಕೂಸು ಹುಟ್ಟಿತು.

ಒಂದು ಬೆಳಗ್ಗೆ ಧನ್ಯಾಳ ಫೋನು ಬಂತು.

"ಅಕ್ಕಾ, ಪಾಪು ಉಳಿಯಲ್ವಂತೆ. ಪೈಪೆಲ್ಲ ತೆಗೆದು ನಮ್ಮ ಮಡಿಲಿಗೆ ಕೊಡ್ತಾರಂತೆ. ಅವನ ಮುಖ ನಾವಿನ್ನೂ ಪೂರ್ತಿ ನೋಡೇ ಇಲ್ಲ, ಬರೀ ಪಟ್ಟಿ, ಪೈಪು. ನೀವು ಬರ್ತೀರಾ?"

ಇಂಥ ಹೊತ್ತಿನಲ್ಲಿ ಆಡುವ ಮಾತು ಸಿಂಧೂರಳಿಗೆ ಕನ್ನಡದಲ್ಲಿ ಗೊತ್ತಿರಲಿಲ್ಲ. ಅಪ್ಪ ಹೋದಾಗ ಬಂದವರೆಲ್ಲ ತೆಲುಗಿನಲ್ಲೇ ಸಮಾಧಾನ ಹೇಳಿದ್ದರು. "ಬರ್ತೇನವಾ" ಎಂದಷ್ಟೇ ಹೇಳಿ ಸಿಕ್ಕಿದ ರೈಲು ಹತ್ತಿದಳು.

ಆಸ್ಪತ್ರೆಯವರು ಮೂಲೆಯ ಸಣ್ಣ ಕೋಣೆಯೊಂದನ್ನು ಬಿಟ್ಟುಕೊಟ್ಟಿದ್ದರು. ಕಿಟಕಿಯೇನೋ ಇತ್ತು, ಆಚೆಗೆ ಕೈಗೆಟುಕುವಷ್ಟು ಹತ್ತಿರದಲ್ಲಿ ಪಕ್ಕದ ಕಟ್ಟಡದ ಗೋಡೆ. ಹೊರಗೆ ಮೋಡ. ಟ್ಯೂಬ್‌ಲೈಟು ಮಿಣುಕುತ್ತಿತ್ತೆಂದು ನರ್ಸ್ ಹಾರಿಕಾ ಅದನ್ನು ಆರಿಸಿ, ಮಂಚದ ಪಕ್ಕದ ಪುಟ್ಟ ದೀಪವನ್ನಷ್ಟೇ ಉಳಿಸಿದ್ದಳು. ಸಿಂಧೂರ ಕ್ಯಾಮೆರಾ ಎತ್ತಿ ನೋಡಿದಳು. ಈ ಬೆಳಕಿನಲ್ಲಿ ತೆಗೆದರೆ ಏನು ಅಲುಗಿದರೂ ಚಿತ್ರ ಕಲಸಿಹೋಗುತ್ತದೆ.

ಅವಳ ಮುಖ ನೋಡಿಯೇ ಶ್ರೀವತ್ಸನಿಗೆ ಅರ್ಥವಾಯಿತು. "ಫ್ಲ್ಯಾಷ್ ಹಾಕಿ ಸಿಂಧೂರ ಅವರೇ. ಕ್ಲಿಯರ್ ಆಗಿ ಬರ್ಬೇಕು. ಇನ್ನೊಂದು ಸಲ ಅನ್ನೋದೇ ಇಲ್ಲ ನಮಗೆ."

"ಬೇಡ ರೀ," ಎಂದಳು ಧನ್ಯಾ. "ಅವನ ಕಣ್ಣು..."

"ಕಣ್ಣಿಗೇನಾದ್ರೆ ಈಗೇನು ಧನ್ಯಾ?"

ಅಂದುಬಿಟ್ಟವನು ಗೋಡೆಯ ಕಡೆ ತಿರುಗಿ ನಿಂತ.

ಚೀಲದ ತಳದಲ್ಲಿ ಫ್ಲ್ಯಾಷ್ ಇತ್ತು. ಸಿಂಧೂರ ಅದನ್ನು ಕೈಯಲ್ಲಿ ಹಿಡಿದು ಯೋಚಿಸಿದಳು. ನೇರ ಹಾಕಿದರೆ ಪಟ್ಟಿ ಕಿತ್ತ ಗಾಯ, ತುಟಿಯ ನೀಲಿ ಎಲ್ಲ ಎದ್ದು ಕಾಣುತ್ತದೆ. ಚಾವಣಿಯ ಕಡೆ ತಿರುಗಿಸಿ ಹಾಕಿದರೂ ಇಷ್ಟು ಸಣ್ಣ ಕೋಣೆ ಒಮ್ಮೆಲೇ ಝಗ್ಗೆನ್ನುತ್ತದೆ. ಹುಟ್ಟಿದಂದಿನಿಂದ ಸೂಜಿಯನ್ನೇ ಕಂಡ ಕೂಸು. ತಾಯಿಯ ಎದೆಗೆ ಒರಗಿದ ಒಂದೇ ಒಂದು ಸಲವೂ ಬೆಚ್ಚಿಬೀಳಬೇಕೆ? ಫ್ಲ್ಯಾಷನ್ನು ಮಂಚದ ಮೇಲಿಟ್ಟಳು.

"ಬ್ಯಾಡ್ರಿ ಸರ್. ಹಿಂಗ ತೆಗೀತೇನ್ರಿ."

ಶ್ರೀವತ್ಸ ತಿರುಗಿ ಬಂದು ಮಂಚದ ಪಕ್ಕ ನಿಂತ.

ಹಾರಿಕಾ ಕೂಸನ್ನು ತಂದು ಧನ್ಯಾಳ ಎದೆಯ ಮೇಲೆ ಮಲಗಿಸಿದಳು. ಮುಖ ಅಂಗೈಯಷ್ಟೂ ಇರಲಿಲ್ಲ. ಸಿಂಧೂರ ಮೊಣಕಾಲೂರಿ, ಉಸಿರು ಬಿಗಿಹಿಡಿದು ಒಂದೊಂದಾಗಿ ತೆಗೆಯತೊಡಗಿದಳು. ನಡುನಡುವೆ ಬಾಯಿಂದ ತನ್ನಷ್ಟಕ್ಕೇ ಮಾತು ಬರುತ್ತಿತ್ತು, ಎಲ್ಲ ಕೂಸುಗಳಿಗೂ ಅವಳು ಹೇಳುತ್ತಿದ್ದ ಮಾತು: "ಅವ್ವನ್ನ ನೋಡಪಾ ಬಂಗಾರಾ... ಎಲ್ಲದಾಳ ನಿಮ್ಮವ್ವ... ಇಲ್ಲೇ ಅದಾಳ ನೋಡು." ಧನ್ಯಾಳೂ ದನಿ ಕೂಡಿಸಿದಳು. "ಇಲ್ಲೇ ಇದೀನಿ ಕಂದಾ, ಇಲ್ಲೇ ಇದೀನಿ."

ಕೂಸು ಒಂದು ಸಲ ಕಣ್ಣು ಬಿಟ್ಟಿತು. ತಲೆಯನ್ನು ದನಿ ಬಂದ ಕಡೆ ಸ್ವಲ್ಪವೇ ಹೊರಳಿಸಿತು. ಸಿಂಧೂರ ಗುಂಡಿ ಒತ್ತಿದಳು. ಮತ್ತೆ ಒತ್ತುವಷ್ಟರಲ್ಲಿ ಕಣ್ಣು ಮುಚ್ಚಿಕೊಂಡಿತ್ತು.

ಆಮೇಲೆ ಉಸಿರಿನ ನಡುವಣ ಬಿಡುವು ಉದ್ದವಾಗುತ್ತ ಹೋಯಿತು. ಹಾರಿಕಾ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿ, ತಲೆ ತಗ್ಗಿಸಿದಳು.

"ಈಗಲಾದ್ರೂ ಹಾಕಿ," ಎಂದ ಶ್ರೀವತ್ಸ.

ಸಿಂಧೂರ ಧನ್ಯಾಳತ್ತ ನೋಡಿದಳು. ಧನ್ಯಾ ಬೇಡವೆನ್ನಲಿಲ್ಲ. ಫ್ಲ್ಯಾಷ್ ಹಾಕಿದಾಗ ಕೋಣೆಯೆಲ್ಲ ಬೆಳ್ಳಗಾಯಿತು. ಕೂಸು ಬೆಚ್ಚಲಿಲ್ಲ. ಅಲ್ಲಿಯವರೆಗೆ ಗಟ್ಟಿಯಾಗಿ ಅಳದಿದ್ದ ಧನ್ಯಾ ಅದನ್ನು ನೋಡಿ ಚೀರಿಕೊಂಡಳು.

ಫೋಟೊಗಳನ್ನು ಕಳಿಸಿದ ದಿನವೇ ಶ್ರೀವತ್ಸ ಫೋನು ಮಾಡಿದ. "ಕಣ್ಣು ಬಿಟ್ಟಿರೋದು ಒಂದೇ ಇದೆ. ಅದೂ ಶೇಕ್ ಆಗಿದೆ."

"ತಲಿ ಹೊಳ್ಳಿಸಿದ್ದ ಸರ್, ಅದಕ್ಕ..."

"ಹಾಕಿದ್ರೆ ಬರ್ತಿತ್ತು ಅಲ್ವಾ?"

"ಬರ್ತಿತ್ರಿ," ಎಂದಳು ಸಿಂಧೂರ. ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಆ ಕಡೆ ಫೋನು ಕಟ್ಟಾಯಿತು.

ಕೆಲವು ತಿಂಗಳ ಮೇಲೆ ಅವನಿಂದ ಒಂದು ಚಿತ್ರ ಬಂತು. ಕದಲಿದ್ದ ಆ ಫೋಟೊವನ್ನು ಮೊಬೈಲಿನ ಯಾವುದೋ ಆ್ಯಪಿಗೆ ಹಾಕಿ ಸರಿಮಾಡಿಸಿದ್ದ. ನುಣುಪು ಕೆನ್ನೆ, ಒಂದೊಂದೇ ಎಣಿಸಬಹುದಾದ ರೆಪ್ಪೆ, ದೀಪ ಹೊಳೆಯುವ ಕಪ್ಪು ಕಣ್ಣು. ಕೆಳಗೆ, "ನೋಡಿ, ಈಗ ಎಷ್ಟು ಕ್ಲಿಯರ್" ಎಂದು ಬರೆದಿದ್ದ. ಸಿಂಧೂರ ಹಿಗ್ಗಿಸಿ ನೋಡಿದಳು. ಇಲ್ಲದ್ದನ್ನೆಲ್ಲ ಯಂತ್ರವೇ ತುಂಬಿತ್ತು. ಅದು ದಿನ ತುಂಬಿ ಹುಟ್ಟಿದ, ಹೊಟ್ಟೆ ತುಂಬ ಹಾಲು ಕುಡಿದ, ಬೇರೆ ಯಾವುದೋ ಮಗು. ಅವತ್ತು ತಾನು ಫ್ಲ್ಯಾಷ್ ಹಾಕಿದ್ದರೆ ಈ ಅಪ್ಪನಿಗೆ ಇನ್ನೊಬ್ಬರ ಕಣ್ಣು ಬೇಕಾಗುತ್ತಿರಲಿಲ್ಲ ಎನಿಸಿತು. ಮರುದಿನ "ಹೌದು ಸರ್" ಎಂದಷ್ಟೇ ಬರೆದಳು.

ಆ ವಾರವೇ ಧನ್ಯಾ ಫೋನು ಮಾಡಿದಳು.

"ಹಾಲ್ ಗೋಡೇಲಿ ಫ್ರೇಮ್ ಹಾಕ್ಸಿದಾರೆ ಅಕ್ಕಾ. ಅದು ನಮ್ಮ ಪಾಪು ಅಲ್ಲ ಅಲ್ವಾ?"

"ಅಲ್ಲವ್ವಾ."

"ಗೊತ್ತಿತ್ತು. ಅವರಿಗೆ ಹೇಳ್ಬೇಡಿ. ಬ್ಯಾಂಕಿಗೆ ಹೋಗೋ ಮುಂಚೆ ಅದರ ಮುಂದೆ ನಿಂತು ಮಾತಾಡಿಸ್ತಾರೆ."

"ನೀ ಏನ್ ಮಾಡ್ತೀಯವಾ?"

ಆ ಕಡೆ ಪ್ರೆಷರ್ ಕುಕ್ಕರ್ ಕೂಗಿ ನಿಂತಿತು.

"ನಾನೂ ಪಕ್ಕದಲ್ಲಿ ನಿಲ್ತೀನಿ," ಎಂದಳು ಧನ್ಯಾ. "ಅಭ್ಯಾಸ ಆಗ್ತಾ ಇದೆ. ಅದೇ ನನಗೆ ಭಯ ಅಕ್ಕಾ. ಇವತ್ತು ಕಣ್ಣು ಮುಚ್ಚಿದ್ರೆ ಆ ಫ್ರೇಮಿನ ಮುಖಾನೇ ಬಂತು."