ಜೊತೆಪಾಳಿ ಹಚ್ಚಿದ ಜವಾನರು

ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಎಳೆಯ ವಯಸ್ಸಿನಿಂದಲೂ ಮಡಿಸಿದ ಕರಿಕಂಬಳಿಯನ್ನು ಆ ಭುಜದ ಮೇಲೆ ಹಾಕಿಕೊಂಡು ಹೊಸಹಳ್ಳಿ ಸೀಮೆಯಲ್ಲಿ ಕುರಿಗಳ ಹಿಂದೆ ತಿರುಗಿದ್ದರ ಫಲ. ಕಾಲೇಜಿನ ಜವಾನರಾದ ಮೇಲೆ ಖಾಕಿ ಅಂಗಿ ಬಂತು. ಭುಜ ಮೇಲೇರಲಿಲ್ಲ, ಕಂಬಳಿ ಕೆಳಗಿಳಿಯಲಿಲ್ಲ. ಸಮವಸ್ತ್ರದ ಮೇಲೆ ಕಂಬಳಿ ಧರಿಸತಕ್ಕದ್ದಲ್ಲ ಎಂದು ಪ್ರಾಂಶುಪಾಲರು ಒಮ್ಮೆ ಲಿಖಿತ ಮೆಮೊ ಹೊರಡಿಸಿದರು. ಮೆಮೊಗಳನ್ನು ಫೈಲಿಗೆ ಸೇರಿಸುವುದು ಜವಾನರ ಕೆಲಸ. ಅವರು ಅದನ್ನು ಪರಮ ಗೌರವದಿಂದ ಫೈಲಿಗೆ ಸೇರಿಸಿ, ದಾರ ಕಟ್ಟಿ, ಬೀರುವಿನಲ್ಲಿಟ್ಟು, ಬೀಗ ಹಾಕಿ, ಕಂಬಳಿ ಸರಿಮಾಡಿಕೊಂಡು ಗಂಟೆ ಬಾರಿಸಲು ಹೋದರು.

ಕಾಲೇಜಿನ ಹೆಸರು ಬೇಡ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಈ ಮೂರರಿಂದಲೂ ಬಸ್ಸು ತಡವಾಗಿ ತಲುಪುವ ಜಾಗದಲ್ಲಿದೆ ಎಂದರೆ ಸಾಕು. ಅಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದಾಗ ನನಗೆ ಒಂದು ಧ್ವನಿ ಕೇಳಿಸತೊಡಗಿತು. ಮೊದಮೊದಲು ಹಾಸ್ಟೆಲ್ಲಿನ ಫ್ಯಾನಿನಿಂದ, ಆಮೇಲೆ ಫ್ಯಾನಿಲ್ಲದ ಕಡೆಯಿಂದಲೂ. ವಾರ್ತೆ ಓದುವವರ ಗತ್ತಿನಲ್ಲಿ, ನನ್ನ ದೋಷಗಳನ್ನು ಒಂದೂ ಬಿಡದೆ ಓದುತ್ತಿತ್ತು. ಈಗ ಬರೆಯುವಾಗ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ. ನೀರಿನ ಟ್ಯಾಂಕಿಗೆ ಯಾರೋ ಏನೋ ಬೆರೆಸಿದ್ದಾರೆಂದು ಎರಡೆರಡು ದಿನ ನೀರು ಮುಟ್ಟದೆ ಇದ್ದವನು ನಾನು.

ಜವಾನರಿಗೂ ನನಗೂ ಪರಿಚಯವಾದದ್ದು ಗಂಟೆಯ ಕೆಳಗೆ. ಅದು ತೂಗುಹಾಕಿದ ಒಂದು ರೈಲುಕಂಬಿಯ ತುಂಡು. ಅದನ್ನು ಬಾರಿಸಿದಾಗ ಆ ಸದ್ದಿನಲ್ಲಿ ನನ್ನ ಧ್ವನಿ ಅರ್ಧ ನಿಮಿಷ ಮುಳುಗಿಹೋಗುತ್ತಿತ್ತು. ಆ ಅರ್ಧ ನಿಮಿಷಕ್ಕಾಗಿ ನಾನು ತರಗತಿ ಬಿಟ್ಟು ಗಂಟೆಗೊಮ್ಮೆ ಅಲ್ಲಿ ಹಾಜರಾಗುತ್ತಿದ್ದೆ. ನಾಲ್ಕನೇ ದಿನ ಅವರು ಸುತ್ತಿಗೆ ಕೆಳಗಿಟ್ಟು, ಕ್ಲಾಸಿನಲ್ಲಿರಬೇಕಾದವನಿಗೆ ಇಲ್ಲೇನು ಕೆಲಸ ಎಂದರು. ಮನೆಯವರಿಗೂ ಹೇಳದಿದ್ದುದನ್ನು, ಯಾಕೋ, ಅವರಿಗೆ ಹೇಳಿಬಿಟ್ಟೆ.

ಅವರು ಹೌಹಾರಲಿಲ್ಲ. ದಾರಿ ತಪ್ಪಿದ ಬಸ್ಸಿನ ವಿಚಾರ ಕೇಳುವವರಂತೆ ಕೇಳಿದರು: "ಅದು ನಿನ್ನ ಬೈತೈತೋ, ಕೆಲಸ ಹೇಳತೈತೋ?"

"ಬೈತೈತ್ರಿ."

"ಬಾವಿಗೆ ಬೀಳು, ಯಾರಿಗರ ಹೊಡಿ, ಹಂಗೇನರ ಅಂತೈತೇನು?"

"ಇಲ್ರಿ."

"ಹಂಗಾರ ನಮಗ ಟೈಮ್ ಐತಿ. ನಡಿ, ಚಾ ಕುಡಿಯೂಣು."

ಮುಂದೆ ದೊಡ್ಡ ದೊಡ್ಡ ಡಾಕ್ಟರುಗಳು ಅದೇ ಎರಡು ಪ್ರಶ್ನೆಗಳನ್ನು ಬೇರೆ ಮಾತಿನಲ್ಲಿ ಕೇಳಿದ್ದಾರೆ. ಚಹಾ ಮಾತ್ರ ಯಾರೂ ಕುಡಿಸಿಲ್ಲ.

ಅಷ್ಟರಲ್ಲಿ ರಜೆ ಬಂತು. ಹಲವಾಗಲು ಹತ್ತಿರದ ನಮ್ಮ ಹಳ್ಳಿಗೆ ಹೋದೆ. ಅಲ್ಲಿ ನನಗೆ ಕಲ್ಪನೆಗೂ ಮೀರಿದ ಬಡ್ತಿ ಸಿಕ್ಕಿತು. ಒಬ್ಬನೇ ಕೂತು ಮಾತಾಡುತ್ತಿದ್ದ ನನ್ನನ್ನು ಕಂಡ ಓಣಿಯವರು, ಇವನ ಮೈಮೇಲೆ ಊರಮ್ಮ ದೇವಿ ಬರುತ್ತಿದ್ದಾಳೆ ಎಂದು ತೀರ್ಮಾನಿಸಿದರು. ಪಕ್ಕದ ಮನೆಯ ಅತ್ತೆ ಬಂದು ಕೈಮುಗಿದು, ಕಳೆದುಹೋದ ಎಮ್ಮೆ ಎಲ್ಲಿದೆ ಎಂದು ಕೇಳಿದಳು. ಅವಳನ್ನು ಸಾಗಹಾಕಲು ನಾನು ಹೊಳೆಯ ಕಡೆ ಕೈ ತೋರಿಸಿದೆ. ಎಮ್ಮೆ ಹೊಳೆಯಲ್ಲಿತ್ತು. ಬಿರುಬೇಸಿಗೆಯ ಮಧ್ಯಾಹ್ನ ಎಮ್ಮೆ ಬೇರೆಲ್ಲಿರುತ್ತದೆ ಎಂದು ಯಾರೂ ಯೋಚಿಸಲಿಲ್ಲ. ಮರುದಿನ ನಮ್ಮ ಕಟ್ಟೆಯ ಮುಂದೆ ತೆಂಗಿನಕಾಯಿ ಹಿಡಿದವರ ಸಾಲು ನಿಂತಿತ್ತು. ಅಪ್ಪನಿಗೆ ಹೆಮ್ಮೆ ಅರ್ಧ, ಭಯ ಅರ್ಧ. ನನಗೆ ಭಯ ಪೂರ್ತಿ.

ನನ್ನ ರೂಮಿನವನೊಬ್ಬನಿದ್ದ, ಹಡಗಲಿಯವನು. ನೋಡಲು ಬಂದವನು ಈ ವೈಭವ ಕಂಡು ಹೆದರಿ ಜವಾನರಿಗೆ ಫೋನ್ ಮಾಡಿದ. ಮಾರನೆಯ ದಿನವೇ ಅವರು ಬಸ್ಸಿಳಿದು ಬಂದರು. ಯಾರನ್ನೂ ಗದರಿಸಲಿಲ್ಲ. ಎಲ್ಲರಂತೆ ಸಾಲಿನಲ್ಲಿ ನಿಂತರು. ತಮ್ಮ ಸರದಿ ಬಂದಾಗ ಎದುರು ಕೂತು, ಉಂಡಿಯೇನಲೇ ಎಂದು ಕೇಳಿದರು. ಇಲ್ಲವೆಂದೆ. ನಿದ್ದೆಯೂ ಇಲ್ಲವೆಂದೆ. ಅವರು ಅಪ್ಪನ ಕಡೆ ತಿರುಗಿದರು.

"ಯಜಮಾನ್ರ, ದೇವರಿಗೆ ನಾನೂ ಕೈ ಮುಗಿಯಾವನ. ಉಣ್ಣದು ಮಲಗದು ಬಿಡಿಸಿತು ಅಂದ್ರ ಅದು ದೇವರಲ್ರಿ, ಬ್ಯಾನಿ. ಬ್ಯಾನಿಗೆ ಔಷಧ ಐತಿ. ನಾಳಿ ಆಸ್ಪತ್ರಿಗೆ ದೊಡ್ಡ ಡಾಕ್ಟರು ಬರತಾರ, ಹೋಗೂಣು. ಬಂದು ಪೂಜಿನೂ ಮಾಡಸ್ರಿ, ಬ್ಯಾಡ ಅಂದಾರ್ಯಾರು?"

ಎರಡರಲ್ಲಿ ಒಂದನ್ನು ಬಿಡಬೇಕಿಲ್ಲ ಎಂದದ್ದರಿಂದ ಅಪ್ಪ ಒಪ್ಪಿದ. ಹೀಗೆ ನನ್ನ ದೈವತ್ವ ಮೂರನೇ ದಿನಕ್ಕೆ ಮುಕ್ತಾಯವಾಯಿತು. ತಾಲ್ಲೂಕು ಆಸ್ಪತ್ರೆಗೆ ತಿಂಗಳಿಗೊಂದು ದಿನ ಬರುವ ಮನೋವೈದ್ಯರು ಕಾಯಿಲೆಯ ಹೆಸರು ಹೇಳಿ ಗುಳಿಗೆ ಬರೆದರು. ಗುಳಿಗೆ ಕೆಲಸ ಮಾಡಲು ವಾರಗಳೇ ಹಿಡಿದವು. ಮೊದಲು ನಿದ್ದೆ ಕೊಟ್ಟಿತು, ಆಮೇಲೆ ಹಸಿವು. ಧ್ವನಿ ಕಡೆಗೆ ಬಹಳ ಒಲ್ಲದ ಮನಸ್ಸಿನಿಂದ ಸ್ವರ ತಗ್ಗಿಸಿತು.

ಕಾಲೇಜಿಗೆ ಮರಳಿದಾಗ ಜವಾನರು ತಮ್ಮ ಹಳೆಯ ಕಸುಬಿನ ವಿದ್ಯೆಯನ್ನು ಹೊರತೆಗೆದರು. ಮಂದೆ ಮುಂದೆ ಸಾಗುವಾಗ ಬೇನೆ ಬಿದ್ದ ಕುರಿಯನ್ನು ಅವರ ಮನೆತನದವರು ಒಂಟಿಯಾಗಿ ಹಿಂದೆ ಬಿಡುತ್ತಿರಲಿಲ್ಲವಂತೆ. ಒಂಟಿಯಾದರೆ ಅದು ಮೇವು ಮುಟ್ಟುವುದಿಲ್ಲ. ಹಾಗಾಗಿ ಗಟ್ಟಿಮುಟ್ಟಾದ ಇನ್ನೊಂದನ್ನು ಪಕ್ಕದಲ್ಲಿ ಬಿಡುತ್ತಿದ್ದರು. ಆ ಗಟ್ಟಿ ಕುರಿಗೆ ಯಾವ ಕೆಲಸವೂ ಇಲ್ಲ. ಪಕ್ಕದಲ್ಲಿ ಮೇಯುತ್ತಿದ್ದರೆ ಆಯಿತು. ಅದೇ ರೀತಿ ನನಗೆ ದಿನಕ್ಕೊಬ್ಬರಂತೆ ಜೊತೆಪಾಳಿ ಹಚ್ಚಿದರು. ನಾನು ಕುರಿಯಲ್ಲ ಎಂದು ಆಕ್ಷೇಪಿಸಿದೆ. ಕುರಿಯಾಗಿದ್ದರೆ ಇಷ್ಟು ವಾದ ಮಾಡುತ್ತಿರಲಿಲ್ಲ ಎಂದು ಅವರು ಅದನ್ನು ತಳ್ಳಿಹಾಕಿದರು.

ಸೋಮವಾರ ಹಡಗಲಿಯವನು, ಮಂಗಳವಾರ ಗೇಟಿನ ಎದುರಿನ ಚಹಾದಂಗಡಿಯ ಅಕ್ಕ, ಉಳಿದ ದಿನ ತರಗತಿಯ ಹುಡುಗ ಹುಡುಗಿಯರು. ಪಾಳಿಗೆ ಒಂದೇ ನಿಯಮ: ಉಪದೇಶ ಮಾಡಕೂಡದು. ಮಂಡಕ್ಕಿ ತಿನ್ನಬಹುದು, ಜಗಳವಾಡಬಹುದು, ಸುಮ್ಮನೆ ಕೂರಬಹುದು. ಚಹಾದಂಗಡಿಯ ಅಕ್ಕ ತನ್ನ ಪಾಳಿಯಲ್ಲಿ ನನ್ನಿಂದ ಈರುಳ್ಳಿ ಹೆಚ್ಚಿಸಿಕೊಳ್ಳುತ್ತಿದ್ದಳು. ಅದು ಚಿಕಿತ್ಸೆಯೋ ಬಿಟ್ಟಿಚಾಕರಿಯೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಇನ್ನೂ ಭಿನ್ನಾಭಿಪ್ರಾಯವಿದೆ. ಆದರೆ ಈರುಳ್ಳಿ ಹೆಚ್ಚುವಾಗ ಕಣ್ಣೀರು ಬಂದರೆ ಯಾರೂ ಕಾರಣ ಕೇಳುವುದಿಲ್ಲ ಎಂಬ ಸೌಲಭ್ಯ ನನಗೆ ಬಹಳ ಉಪಯೋಗಕ್ಕೆ ಬಂತು.

ಆಗ ಎದುರಾಯಿತು ಪರೀಕ್ಷೆ. ನನ್ನ ಹಾಜರಾತಿ ಅರ್ಧಕ್ಕಿಂತ ಕಡಿಮೆ. ಪ್ರಾಂಶುಪಾಲರು ಕೆಟ್ಟವರಲ್ಲ, ಆದರೆ ನಿಯಮಕ್ಕೆ ಹೊರತಾದದ್ದು ಏನು ಕಂಡರೂ ಅವರಿಗೆ ನೆಗಡಿಯಾಗುತ್ತಿತ್ತು. ಟಿ.ಸಿ. ತೆಗೆದುಕೊಂಡು ಮನೆಯಲ್ಲಿ ವಿಶ್ರಾಂತಿ ಪಡೆಯಲಿ ಎಂದರು. ಆ ವಿಶ್ರಾಂತಿಯ ಅರ್ಥ ನಮಗೆಲ್ಲ ಗೊತ್ತಿತ್ತು. ತಲೆ ಕೆಟ್ಟವನೆಂದು ಟಿ.ಸಿ. ಪಡೆದವನಿಗೆ ನಮ್ಮ ಸುತ್ತಲಿನ ಐದು ತಾಲ್ಲೂಕುಗಳಲ್ಲಿ ಯಾವ ಕಾಲೇಜೂ ಬಾಗಿಲು ತೆರೆಯುವುದಿಲ್ಲ. ಓದು ಅಲ್ಲಿಗೆ ಮುಗಿಯುತ್ತಿತ್ತು. ಉಳಿದ ಜನ್ಮವೆಲ್ಲ ಕಟ್ಟೆಯ ಮೇಲೆ ಕೂತು ಎಮ್ಮೆಗಳ ವಿಳಾಸ ಹೇಳಿಕೊಂಡಿರಬೇಕಾಗಿತ್ತು.

ಜವಾನರೇ ನನ್ನ ಪರವಾಗಿ ಮಾತಾಡುತ್ತಾರೆಂದು ನಂಬಿದ್ದೆ. ಅವರು ಒಪ್ಪಲಿಲ್ಲ. "ನಿನ್ನ ಮಾತು ನೀನ ಆಡಬೇಕು. ನಾ ಬಾಜೂಕ ನಿಂದ್ರತೀನಿ" ಎಂದರು. ಹಡಗಲಿಯವನದು ಬೇರೆ ಸಲಹೆ: ಪೂರ್ತಿ ವಾಸಿಯಾಗಿದೆ, ಏನೂ ಕೇಳಿಸುವುದಿಲ್ಲ ಎಂದುಬಿಡು. ಅದಕ್ಕೆ ಜವಾನರು ಬೇಡವೆಂದು ತಲೆಯಾಡಿಸಿ, ಇವತ್ತು ಸುಳ್ಳು ಹೇಳಿದರೆ ನಾಳೆ ಬೇನೆ ಹೆಚ್ಚಾದಾಗ ಯಾರಿಗೆ ಹೇಳುತ್ತೀ ಎಂದು ಮಾತ್ರ ಕೇಳಿದರು.

ನಾವು ಮೂವರೂ ಪ್ರಾಂಶುಪಾಲರ ಕೊಠಡಿಗೆ ಹೋದೆವು. ನಾನು ಡಾಕ್ಟರ ಪತ್ರ ಕೊಟ್ಟೆ. ಜವಾನರು ಒಂದು ಹಳೆಯ ಫೈಲು ಮೇಜಿನ ಮೇಲಿಟ್ಟು, ಧೂಳು ಹಿಡಿದಿತ್ತು, ಒರೆಸಿ ತಂದೆ ಎಂದರು. ಒಳಗಿದ್ದದ್ದು ಹಿಂದೊಮ್ಮೆ ಕಾಮಾಲೆಯಾದ ಹುಡುಗನೊಬ್ಬನಿಗೆ ಹಾಜರಾತಿಯಲ್ಲಿ ರಿಯಾಯಿತಿ ಕೊಟ್ಟ ಆದೇಶ. ಕೆಳಗೆ ಇದೇ ಪ್ರಾಂಶುಪಾಲರ ಸಹಿ.

ಅವರು ಕನ್ನಡಕ ತೆಗೆದು ಒರೆಸಿದರು. "ಅದು ಕಾಮಾಲೆ. ಇದು ತಲೆಗೆ ಸಂಬಂಧಿಸಿದ್ದು."

"ತಲಿ ಮೈಯಾಗ ಬರಂಗಿಲ್ಲೇನ್ರಿ ಸಾಹೇಬ್ರ?" ಎಂದರು ಜವಾನರು, ಪಾಠ ತಿಳಿಯದ ವಿದ್ಯಾರ್ಥಿಯ ವಿನಯದಲ್ಲಿ.

ಪ್ರಾಂಶುಪಾಲರು ಅವರನ್ನು ಬಿಟ್ಟು ನನ್ನನ್ನು ನೋಡಿದರು. ಈಗಲೂ ಕೇಳಿಸುತ್ತದೆಯೇ ಎಂದರು. ಹಡಗಲಿಯವನು ನನ್ನ ಕಾಲು ತುಳಿದ. ಜವಾನರು ಏನೂ ಮಾಡಲಿಲ್ಲ. ಪಕ್ಕದಲ್ಲಿ ನಿಂತಿದ್ದರು, ಅಷ್ಟೆ. ಅವರ ಉಸಿರಾಟ ನನಗೆ ಕೇಳಿಸುತ್ತಿತ್ತು.

"ಕೇಳಸ್ತೈತ್ರಿ ಸರ್. ಮೊದಲಿನಷ್ಟಿಲ್ಲ. ಎಲ್ಲೋ ದೂರದಾಗ ರೇಡಿಯೋ ಹಚ್ಚಿದಂಗ."

"ಈಗ ಏನು ಹೇಳ್ತಾ ಇದೆ?"

"ನೀವು ಸಹಿ ಮಾಡಂಗಿಲ್ಲ ಅಂತೈತ್ರಿ."

ಆ ಮಹನೀಯರಿಗೆ ಒಂದು ಗುಣವಿತ್ತು: ತಮ್ಮ ತೀರ್ಮಾನವನ್ನು ತಮಗಿಂತ ಮೊದಲು ಇನ್ನೊಬ್ಬರು ಸಾರಿದರೆ ಸಹಿಸುತ್ತಿರಲಿಲ್ಲ. ಸಾಹೇಬರು ಖಂಡಿತ ರಜೆ ಕೊಡುತ್ತಾರೆ ಎಂದು ಗುಮಾಸ್ತರೊಬ್ಬರು ಬಾಯಿಬಿಟ್ಟದ್ದಕ್ಕೇ ಆ ರಜೆಯನ್ನು ನಿರಾಕರಿಸಿದವರು. ಅವರ ಮುಖ ಕೆಂಪಾಯಿತು. ಪೆನ್ನು ತೆಗೆದರು.

"ನನ್ನ ಆಫೀಸಿನ ವಿಷಯ ಹೇಳೋಕೆ ಅದ್ಯಾರಯ್ಯ?" ಎನ್ನುತ್ತ ಸಹಿ ಹಾಕಿ, ಕಾಗದವನ್ನು ನನ್ನತ್ತ ತಳ್ಳಿದರು. "ತಿಳಿಸಿಬಿಡು ಅದಕ್ಕೆ."

ಹೊರಗೆ ಬಂದು ಮೂವರೂ ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಧ್ವನಿ ಆ ದಿನವೆಲ್ಲ ಮೌನವಾಗಿತ್ತು. ಮುಖಭಂಗವಾಗಿತ್ತೆಂದು ಕಾಣುತ್ತದೆ.

ಮುಂದಿನ ವರ್ಷ ನನ್ನಂಥವರೇ ಇನ್ನಿಬ್ಬರು ಗೊತ್ತಾದರು, ಒಬ್ಬಳು ನೀಲಗುಂದದ ಹುಡುಗಿ. ಅವರಿಗೂ ಪಾಳಿ ಹತ್ತಿತು. ಆ ಸಲ ಗಟ್ಟಿ ಕುರಿಯ ಹುದ್ದೆಗೆ ನನ್ನ ನೇಮಕವಾಯಿತು. ಅಷ್ಟರಲ್ಲಿ ಇದೆಲ್ಲ ತಮ್ಮದೇ ಯೋಜನೆ ಎಂದು ನಂಬತೊಡಗಿದ್ದ ಪ್ರಾಂಶುಪಾಲರು ತಾವೂ ಗುರುವಾರದ ಪಾಳಿ ಕೇಳಿ ಪಡೆದರು. ಮೊದಲ ದಿನವೇ ಇಪ್ಪತ್ತು ನಿಮಿಷ ಉಪದೇಶ ಮಾಡಿದ್ದರಿಂದ ಜವಾನರು ಅವರನ್ನು ಪಾಳಿಯಿಂದ ತೆಗೆದುಹಾಕಿದರು. ಆ ಕಾಲೇಜಿನ ಇತಿಹಾಸದಲ್ಲಿ ಜವಾನರೊಬ್ಬರು ಪ್ರಾಂಶುಪಾಲರ ಮೇಲೆ ಕ್ರಮ ಜರುಗಿಸಿದ ಏಕೈಕ ಪ್ರಸಂಗ ಇದೇ ಇರಬೇಕು.

ನಾನು ಈಗ ಹಗರಿಬೊಮ್ಮನಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಮೇಷ್ಟರು. ಗುಳಿಗೆ ಇನ್ನೂ ನುಂಗುತ್ತೇನೆ. ಜವಾನರು ನಿವೃತ್ತರಾಗಿ ಮತ್ತೆ ಕುರಿ ಸಾಕಿದ್ದಾರೆ. ಕಾಲೇಜಿನವರಿಗಿಂತ ಇವು ವಾಸಿ, ಮೀಟಿಂಗ್ ಕರೆಯುವುದಿಲ್ಲ ಎನ್ನುತ್ತಾರೆ. ಅವರು ನನಗೆ ಮಾಡಿದ್ದರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ಜನ ಆ ಸಹಿಯ ಕಥೆಯನ್ನೇ ನಿರೀಕ್ಷಿಸುತ್ತಾರೆ. ನನ್ನ ಲೆಕ್ಕದಲ್ಲಿ ದೊಡ್ಡದು ಅದಲ್ಲ.

ಆ ಪರೀಕ್ಷೆಯ ಫಲಿತಾಂಶ ಬಂದ ದಿನ ನಾನು ಅರ್ಥಶಾಸ್ತ್ರದಲ್ಲಿ ಫೇಲಾಗಿದ್ದೆ, ಉಳಿದವೆಲ್ಲ ಪಾಸು. ಸಮಾಧಾನ ಹೇಳುವವರು ಸುತ್ತ ನೆರೆದರು. ಇಂಥ ಸ್ಥಿತಿಯಲ್ಲಿ ಇಷ್ಟು ಮಾಡಿದ್ದೇ ಹೆಚ್ಚು ಎಂದರು ಒಬ್ಬ ಅಧ್ಯಾಪಕರು. ಪಾಪ, ಬ್ಯಾನಿ ಮನುಷ್ಯ ಎಂದಳು ಚಹಾದಂಗಡಿಯ ಅಕ್ಕ. ನಾನೂ ಮುಖವನ್ನು ಅದಕ್ಕೆ ತಕ್ಕಂತೆ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಪಟ್ಟಿ ಅಂಟಿಸಿ ಮುಗಿಸಿದ ಜವಾನರು ಗೋಂದಿನ ಡಬ್ಬಿ ಹಿಡಿದುಕೊಂಡೇ ಬಂದು, ಪರೀಕ್ಷೆಯ ಹಿಂದಿನ ದಿನ ಎಲ್ಲಿದ್ದೆ ಎಂದು ಕೇಳಿದರು.

ಕೊಟ್ಟೂರಿಗೆ ಸಿನಿಮಾಕ್ಕೆ ಹೋಗಿದ್ದೆ ಎಂದೆ.

"ಹಂಗಾರ ಬ್ಯಾನಿ ಹೆಸರು ಹೇಳಬ್ಯಾಡ. ಬ್ಯಾನಿ ಬ್ಯಾರೆ, ಮೈಗಳ್ಳತನ ಬ್ಯಾರೆ. ನೀ ಓದಿಲ್ಲಲೇ."

ಅದೇ ವಿಷಯದಲ್ಲಿ ಫೇಲಾಗಿದ್ದ ಇನ್ನು ಮೂವರನ್ನೂ ಕರೆದು, ನಾಲ್ವರನ್ನೂ ನೋಟೀಸ್ ಬೋರ್ಡಿನ ಮುಂದೆ ಸಾಲಾಗಿ ನಿಲ್ಲಿಸಿ, ಕಾಲು ಗಂಟೆ ಬೈದರು. ನನಗೆ ಒಂದು ಮಾತೂ ಕಡಿಮೆಯಿಲ್ಲ, ಒಂದು ಮಾತೂ ಹೆಚ್ಚಿಲ್ಲ. ಒಂದು ವರ್ಷದಿಂದ ನಾನು ದೇವರಾಗಿದ್ದೆ, ರೋಗಿಯಾಗಿದ್ದೆ, ಸಮಸ್ಯೆಯಾಗಿದ್ದೆ. ಫೇಲಾದ ಹುಡುಗ ಆಗಿರಲಿಲ್ಲ. ಆ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಾಗ ಆದ ಸಂತೋಷಕ್ಕೆ ನಾನು ಅವರಿಗೆ ಎಂದೆಂದಿಗೂ ಋಣಿ.

ಪಕ್ಕದಲ್ಲಿ ನಿಂತವನು ತುಟಿ ಅಲುಗಿಸದೆ, ನಿನಗೆಷ್ಟು ಎಂದು ಕೇಳಿದ. ಹದಿನೆಂಟು ಎಂದೆ. ನನಗೆ ಹನ್ನೊಂದು ಎಂದ. ಇಬ್ಬರಿಗೂ ನಗು ಉಕ್ಕಿ ಬಂತು. ಜವಾನರು ಅದನ್ನು ಕಂಡು, ಮತ್ತೆ ಮೊದಲಿನಿಂದ ಶುರುಮಾಡಿದರು.