ಮಂಚಿಕೇರಿಗೆ ಹೋಗುವ ಸಿದ್ಧತೆ

ಸಿದ್ದಾಪುರದಿಂದ ಮಂಚಿಕೇರಿಗೆ ಹೋಗಲು ಸಿರ್ಸಿಯಲ್ಲಿ ಒಮ್ಮೆ ಬಸ್ಸು ಬದಲಿಸಿದರೆ ಸಾಕು. ಬೆಳಿಗ್ಗೆ ದೋಸೆ ತಿಂದು ಹೊರಟವನು ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತಾನೆ. ನಮ್ಮ ಕುಟುಂಬದ ಗಂಡಸರು ಆ ಪ್ರಯಾಣಕ್ಕೆ ಎರಡು ವರ್ಷ ಸಿದ್ಧತೆ ನಡೆಸಿದರು. ಕಾಶಿಗೆ ಹೊರಟವರೂ ಅಷ್ಟು ಸಭೆ ಸೇರಿರಲಿಕ್ಕಿಲ್ಲ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ಕೋಲಸಿರ್ಸಿಯಲ್ಲಿತ್ತು. ಅಪ್ಪ ದಿನಾ ಸಿದ್ದಾಪುರ ಪೇಟೆಗೆ ಹೋಗಿ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಅವನ ಅಪ್ಪ, ಅಂದರೆ ನನ್ನ ಅಜ್ಜ, ಜ್ವರ ಬಂದು ಸತ್ತಾಗ ಅಪ್ಪ ಇನ್ನೂ ತೊಟ್ಟಿಲಲ್ಲಿದ್ದನಂತೆ. ಅಜ್ಜನ ಒಂದು ಫೋಟೋ ಕೂಡ ಇರಲಿಲ್ಲ. ಅಜ್ಜಿಯನ್ನು ಕೇಳಿದರೆ "ಒಳ್ಳೆಯವ" ಎಂದಷ್ಟೇ ಹೇಳಿ ಅಡುಗೆಮನೆಗೆ ಹೋಗಿಬಿಡುತ್ತಿದ್ದಳಂತೆ. ಆ ಕಾಲದ ಹೆಂಗಸು, ಗಂಡನ ಮುಖವನ್ನು ನೆಟ್ಟಗೆ ನೋಡಿದ್ದಳೋ ಇಲ್ಲವೋ. ಅರವತ್ತರ ಹತ್ತಿರ ಬಂದರೂ ಅಪ್ಪನಿಗೆ ತನ್ನ ಅಪ್ಪ ಎತ್ತರವಿದ್ದನೋ ಗಿಡ್ಡನೋ ತಿಳಿದಿರಲಿಲ್ಲ.

ಹೀಗಿರುವಾಗ ಸಿರ್ಸಿಯಲ್ಲಿ ಯಾರದೋ ಮದುವೆಯ ಊಟಕ್ಕೆ ಕುಳಿತಾಗ ಪಕ್ಕದ ಎಲೆಯವನು ಅಪ್ಪನ ಮನೆತನ ವಿಚಾರಿಸಿದ. ಮಂಚಿಕೇರಿ ಕಡೆಯವನು. ಕೆದಕುತ್ತ ಹೋದರೆ ನಮ್ಮ ಮೂಲಮನೆಯವನೇ. ಅಜ್ಜನ ಅಜ್ಜ ಆ ಮನೆಯಿಂದ ಹಿಸ್ಸೆಯಾಗಿ ಸಿದ್ದಾಪುರ ಸೀಮೆಗೆ ಬಂದವನು. ಅಜ್ಜ ಹುಡುಗನಾಗಿದ್ದಾಗ ಮಂತ್ರ ಕಲಿಯಲು ಕೆಲವು ವರ್ಷ ಅಲ್ಲಿಯೇ ಇದ್ದ. ಅವನು ಸತ್ತ ಮೇಲೆ ಎರಡೂ ಕಡೆಯವರಿಗೆ ಹೋಗಿಬರುವುದು ನಿಂತಿತ್ತು.

"ಅಪ್ಪಯ್ಯ ಇನ್ನೂ ಇದ್ದ," ಎಂದನಂತೆ ಆ ಮನುಷ್ಯ ತನ್ನ ತಂದೆಯ ಬಗ್ಗೆ. "ತೊಂಬತ್ತು ದಾಟಿದ್ದು. ನಿಮ್ಮಪ್ಪನ ಸುದ್ದಿ ಈಗ್ಲೂ ಹೇಳ್ತ. ಇಬ್ರೂ ಒಟ್ಟಿಗೇ ಮಂತ್ರ ಕಲ್ತಿದ್ದಡ. ಒಂದ್ಸಲ ಬನ್ನಿ."

ಅಪ್ಪ ಆ ದಿನ ಮನೆಗೆ ಬಂದವನು ಅಂಗಿ ಬಿಚ್ಚದೆ ಜಗಲಿಯಲ್ಲಿ ಕುಳಿತು ಇಷ್ಟನ್ನೂ ಹೇಳಿದ. ತನ್ನ ಅಪ್ಪನನ್ನು ಕಣ್ಣಾರೆ ಕಂಡ ಒಬ್ಬ ಮನುಷ್ಯ ಜೀವಂತ ಇದ್ದಾನೆ ಎಂಬುದನ್ನು ಅವನಿಗೇ ನಂಬಲಾಗುತ್ತಿರಲಿಲ್ಲ. "ಬಪ್ಪ ಆಯ್ತವಾರ ಹೋಗಿ ಬತ್ತೆ" ಎಂದ. ಆ ಭಾನುವಾರವೇ ಹೊರಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಫೋನಿರಲಿಲ್ಲ, ಹಾಗಾಗಿ ಅಪ್ಪ ಆ ಮನುಷ್ಯನಿಗೆ ದೊಡ್ಡಪ್ಪನ ಮನೆಯ ನಂಬರು ಕೊಟ್ಟು ಬಂದಿದ್ದ. ಅದನ್ನು ತಿಳಿಸಲು ಮರುದಿನ ದೊಡ್ಡಪ್ಪನ ಮನೆಗೆ ಹೋದ.

ದೊಡ್ಡಪ್ಪ ಎಂದರೆ ಅಜ್ಜನ ಅಣ್ಣನ ಮಗ, ಅಪ್ಪನಿಗಿಂತ ಎರಡೇ ವರ್ಷಕ್ಕೆ ದೊಡ್ಡವನು, ಸಿದ್ದಾಪುರ ಪೇಟೆಯಲ್ಲಿದ್ದ ನಿವೃತ್ತ ಹೆಡ್ ಮಾಸ್ತರು. ಮಕ್ಕಳಿಗೆ ಬೈಯುವ ನೌಕರಿ ಮುಗಿದ ಮೇಲೆ ಬೈಯಲು ಯಾರೂ ಸಿಗದೆ ಇತಿಹಾಸಕ್ಕೆ ಕೈಹಾಕಿದ್ದ. "ಹಂಗೆಲ್ಲ ಸುಮ್ನೆ ಹೋಪದಲ್ಲ ತಮ್ಮ. ಅದು ಮೂಲಸ್ಥಾನ. ಸಂಶೋಧನೆ ಮಾಡಿ ಹೋಗವು" ಎಂದ.

"ಅಡ್ಡಿಲ್ಲೆ ಅಣ್ಣಯ್ಯ" ಎಂದ ಅಪ್ಪ. ಅಣ್ಣಯ್ಯ ಬಾವಿಗೆ ಹಾರು ಎಂದರೂ ಅಪ್ಪನ ಬಾಯಲ್ಲಿ ಅದೇ ಬರುತ್ತಿತ್ತು.

ಅಲ್ಲಿಂದ ಶುರುವಾಯಿತು. ತಿಂಗಳಿಗೊಮ್ಮೆ ದೊಡ್ಡಪ್ಪನ ಜಗಲಿಯಲ್ಲಿ ಕುಟುಂಬದ ಗಂಡಸರು ಸೇರುವುದು, ಎಲೆಯಡಿಕೆಯ ಕವಳ ಹಾಕುವುದು, ಉಗಿಯುವುದು, ಮತ್ತೆ ಹಾಕುವುದು. ದೊಡ್ಡಪ್ಪ ಡ್ರಾಯಿಂಗ್ ಶೀಟು ತಂದು ವಂಶವೃಕ್ಷ ಬರೆದ. ಅದರಲ್ಲಿ ಹೆಂಗಸರಿರಲಿಲ್ಲ. ನಮ್ಮ ಕುಲದಲ್ಲಿ ಗಂಡಸರು ಗಂಡಸರನ್ನೇ ಹೆರುತ್ತಿದ್ದರೆಂದು ಕಾಣುತ್ತದೆ. ಮೂಲಪುರುಷನನ್ನು ಅರಸರು ಪಲ್ಲಕ್ಕಿ ಕಳಿಸಿ ಕರೆಸಿಕೊಂಡರು ಎಂದೂ ದೊಡ್ಡಪ್ಪ ಕಂಡುಹಿಡಿದ. ನಾನು ಕೇಳಿದ ಮನೆತನಗಳ ಮೂಲಪುರುಷರೆಲ್ಲ ಪಲ್ಲಕ್ಕಿಯಲ್ಲೇ ಬಂದವರು. ಹೊಟ್ಟೆಗಿಲ್ಲದೆ ನಡೆದು ಬಂದವನೊಬ್ಬನೂ ಇಲ್ಲ. ಆ ಪಲ್ಲಕ್ಕಿಗಳನ್ನು ಹೊತ್ತವರ ಮಕ್ಕಳು ಎಲ್ಲಿದ್ದಾರೆ ಎಂದು ಒಮ್ಮೆ ಕೇಳಿದೆ. ಆಸರಿಗೆ ಕುಡಿಯಲು ಏನಾದರೂ ತಾ ಎಂದು ನನ್ನನ್ನು ಒಳಗೆ ಕಳಿಸಿದರು.

ನದೀಮೂಲ ಋಷಿಮೂಲ ಹುಡುಕಬಾರದು ಎನ್ನುತ್ತಾರೆ. ಇವರು ಹುಡುಕಲೂ ಇಲ್ಲ, ಹುಡುಕುವ ದಿನ ಯಾವುದೆಂದು ಹುಡುಕಿದರು. ಮಂಗಳವಾರ ಬೇಡ, ಅಮಾವಾಸ್ಯೆ ಬೇಡ, ಅಡಿಕೆ ಕೊಯ್ಲಿನ ಹೊತ್ತು ಬೇಡ, ಮಳೆ ಬಂದಾಗಂತೂ ಬೇಡವೇ ಬೇಡ. ಮುದುಕನ ಮಾತು ಹಿಡಿಯಲು ಟೇಪ್ ರೆಕಾರ್ಡರ್ ತರಿಸಿದರು. ಕೇಳಬೇಕಾದ ಪ್ರಶ್ನೆಗಳನ್ನು ದೊಡ್ಡಪ್ಪ ಗಟ್ಟಿಯಾಗಿ ಓದಿ ಹೇಳಿದ: ಗೋತ್ರ, ಪ್ರವರ, ಮನೆದೇವರ ಸ್ಥಾನ, ಅರಸರ ಹೆಸರು. ಕೊನೆಗೆ "ನಿಂದೆಂತಾರು ಇದ್ದ ತಮ್ಮ?" ಎಂದು ಅಪ್ಪನನ್ನು ಕೇಳಿದ.

"ಎನ್ನ ಅಪ್ಪ ಹ್ಯಾಂಗಿದ್ದ ಹೇಳಿ ಕೇಳಕ್ಕಿತ್ತು" ಎಂದ ಅಪ್ಪ.

"ಅದೆಲ್ಲ ಮಾತು ಬಂದಾಗ ಬತ್ತು" ಎಂದು ದೊಡ್ಡಪ್ಪ ಶೀಟು ಸುತ್ತಿಟ್ಟ.

ಅಂತೂ ಒಂದು ದಿನ ಗೊತ್ತಾಗಿ, ವ್ಯಾನಿಗೂ ಹೇಳಿದ್ದಾಯಿತು. ಅಷ್ಟರಲ್ಲಿ ದೊಡ್ಡಪ್ಪನ ಮಗಳ ಮದುವೆ ನಿಶ್ಚಯವಾಯಿತು. ಆ ತಿಂಗಳ ಸಭೆಯಲ್ಲಿ ಪೌರೋಹಿತ್ಯ ಮಾಡುವ ನೆಂಟನೊಬ್ಬ ಕವಳ ಉಗಿದು ಬಂದು ಕುಳಿತು ಹೇಳಿದ: "ಅಲ್ಲ, ಆ ಅಜ್ಜಂಗೆ ತೊಂಬತ್ತು ದಾಟಿದ್ದು. ನಾವೇ ಹೋಗಿ ದಾಯಾದಿ ಹೇಳಿ ಗಟ್ಟಿ ಮಾಡ್ಕಂಡು ಬಂದು, ಆಮೇಲೆ ಅವ ಹೋದ ಹೇಳಿ ಸುದ್ದಿ ಬಂದ್ರೆ? ಮದುವೆ ಎದುರಿಗೆ ಹತ್ತು ದಿನ ಸೂತಕ ಅಲ್ದ?"

ಜಗಲಿಯಲ್ಲಿ ಎಲ್ಲರ ದವಡೆ ನಿಂತಿತು. ಸತ್ತವನು ದಾಯಾದಿಯಾದರೆ ಸೂತಕ, ಸೂತಕವಿದ್ದರೆ ಮದುವೆಯಿಲ್ಲ. ಆದರೆ ಸುದ್ದಿ ಕಿವಿಗೆ ಬೀಳದಿದ್ದರೆ ಸೂತಕವೂ ಇಲ್ಲ. ವರ್ಷ ಕಳೆದು ಕೇಳಿದರೆ ಒಂದು ಸ್ನಾನಕ್ಕೆ ಮುಗಿಯುತ್ತದೆ. ಇದೇ ಶಾಸ್ತ್ರ.

ಆಗ ದೊಡ್ಡಪ್ಪನೊಳಗಿನ ನಿಜವಾದ ಸಂಶೋಧಕ ಎದ್ದು ಕುಳಿತ. ತಿಂಗಳುಗಟ್ಟಲೆ ಆ ಮನೆ ನಮ್ಮ ಮೂಲವೇ ಎಂದು ಮೇಜು ಕುಟ್ಟಿ ಹೇಳಿದ ಬಾಯಲ್ಲೇ "ಸಂಬಂಧ ಇನ್ನೂ ಸಿದ್ಧ ಆಯ್ದಿಲ್ಲೆ. ಆಧಾರ ಸಾಲ್ತಿಲ್ಲೆ" ಎಂದ. ಉಳಿದವರು ಹೌದು ಹೌದು ಎಂದರು. ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ. ಮದುವೆ ಮುಗಿಯುವವರೆಗೆ ಪ್ರವಾಸ ಬೇಡ, ಮಂಚಿಕೇರಿಯವರ ಫೋನು ಬಂದರೆ ಮಾತಾಡುವುದೂ ಬೇಡ ಎಂದು ತೀರ್ಮಾನವಾಯಿತು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ, "ನಾಳೆ ನಾವಿಬ್ರೇ ಬಸ್ಸಿಗೆ ಹೋಗಿ ಬಪ್ಪನ. ಯಾರಿಗೂ ಹೇಳದು ಬ್ಯಾಡ."

"ಮದುವೆ ನಿಂತ್ರೆ ಎನ್ನ ತಲೆಗೆ ಬತ್ತು. ಆಗ್ಲಿ, ಮುಗೀಲಿ" ಎಂದ. ನನಗೆ ದೊಡ್ಡಪ್ಪನ ಮೇಲೆ ಬಂದಷ್ಟೇ ಸಿಟ್ಟು ಅಪ್ಪನ ಮೇಲೂ ಬಂತು. ಕುರಿ ಕೂಡ ಕಡಿಯುವವನ ಎದುರು ಒಮ್ಮೆ ಕಾಲು ಝಾಡಿಸುತ್ತದೆ.

ಮದುವೆಗೆ ವಾರ ಇರುವಾಗ ನಾವೆಲ್ಲ ದೊಡ್ಡಪ್ಪನ ಮನೆಯಲ್ಲಿ ಕೆಲಸಕ್ಕೆ ಸೇರಿದ್ದೆವು. ಫೋನು ಬಂತು. ದೊಡ್ಡಮ್ಮ ಎತ್ತಿದಳು. ಸ್ವಲ್ಪ ಹೊತ್ತು ಕೇಳಿದಳು. ದೊಡ್ಡಪ್ಪನ ಕಡೆ ಒಮ್ಮೆ ನೋಡಿದಳು. "ರಾಂಗ್ ನಂಬರು" ಎಂದು ಇಟ್ಟುಬಿಟ್ಟಳು. ಯಾರದೆಂದು ಒಬ್ಬರೂ ಕೇಳಲಿಲ್ಲ. ತೆಂಗಿನಕಾಯಿಯ ರಾಶಿಯ ಎದುರು ಕುಳಿತಿದ್ದ ಅಪ್ಪ ಫೋನನ್ನೇ ನೋಡುತ್ತಿದ್ದ. ಆಮೇಲೆ ಎದ್ದು ಕೊಟ್ಟಿಗೆಯ ಕಡೆ ಹೋದ. ಮುದುಕ ಸತ್ತ ಸುದ್ದಿ ಅದು ಎಂದು ಎಲ್ಲರೂ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದರು, ನಾನೂ ಕೂಡ. ಮದುವೆ ಅದ್ದೂರಿಯಾಗಿ ನಡೆಯಿತು.

ಆಮೇಲೆ ಮಳೆಗಾಲ ಬಂತು, ಅಡಿಕೆ ಕೊಯ್ಲು ಬಂತು, ದೊಡ್ಡಪ್ಪನ ಮಗಳ ಬಾಣಂತನ ಬಂತು. ವರ್ಷ ಪೂರ್ತಿ ಕಳೆದ ಮೇಲೆ, ಇನ್ನು ಒಂದು ಸ್ನಾನಕ್ಕೆ ಮುಗಿಯುತ್ತದೆ ಎಂಬ ಧೈರ್ಯದಲ್ಲಿ ವ್ಯಾನು ಹೊರಟಿತು. ಟೇಪ್ ರೆಕಾರ್ಡರ್, ವಂಶವೃಕ್ಷ, ಬಾಳೆಗೊನೆ, ಎಲ್ಲರಿಗೂ ಒಂದೊಂದು ಒಣ ಪಂಚೆ. ಪಂಚೆ ಏಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ದೊಡ್ಡಮ್ಮನೂ ಬಂದಿದ್ದಳು.

ಮೂಲಮನೆಯ ಅಂಗಳದಲ್ಲಿ ಇಳಿದಾಗ, ಸಿರ್ಸಿಯ ಮದುವೆಯಲ್ಲಿ ಸಿಕ್ಕಿದ್ದ ಮಗನೇ ಎದುರು ಬಂದ. ಕೈಕಾಲು ತೊಳೆಯಲು ನೀರು ಕೊಟ್ಟ. ಅಪ್ಪಯ್ಯ ಹೋದ, ವರ್ಷಾಂತಿಕವೂ ಆಯಿತು ಎಂದ. ದೊಡ್ಡಪ್ಪ ಛೆ ಛೆ ಎಂದು, ಉಸಿರು ಬಿಟ್ಟು, "ನಂಗಕ್ಕೆ ಗೊತ್ತೇ ಆಯ್ದಿಲ್ಲೆ" ಎಂದ.

"ಇಲ್ಲಿಂದ ಯಂಗ ಫೋನ್ ಮಾಡಿದ್ಯ. ಯಾರೋ ರಾಂಗ್ ನಂಬರ್ ಅಂದ್ರು" ಎಂದ ಮಗ. "ಸತ್ತ ಸುದ್ದಿ ಹೇಳಲೆ ಅಲ್ಲ. ಆವಾಗ ಅಪ್ಪಯ್ಯ ಇದ್ದಿದ್ದ. ಅವಂಗೆ ಮಾತಾಡವಾಗಿತ್ತು, ಅವನೇ ಫೋನ್ ಹಿಡ್ಕಂಡಿದ್ದ. ಅದಾದ್ಮೇಲೆ ತಿಂಗಳೂ ಇದ್ದಿದ್ನಿಲ್ಲೆ."

ಅಪ್ಪ ಕಂಬ ಹಿಡಿದುಕೊಂಡು ನಿಂತಿದ್ದ. "ಎನ್ನ ಅಪ್ಪನ ಸುದ್ದಿ ಎಂತ ಹೇಳ್ತಿದ್ದ?" ಎಂದು ಕೇಳಿದ.

"ರಾಶಿ ಹೇಳ್ತಿದ್ದ. ಯಂಗ ಲಕ್ಷ್ಯ ಕೊಟ್ಟು ಕೇಳಿದ್ದಿಲ್ಲೆ." ಆ ಮಗನಿಗೆ ನಿಜವಾಗಿಯೂ ಬೇಸರವಾದಂತೆ ಕಂಡಿತು. ಅಷ್ಟು ಬೇಸರ ನಮ್ಮವರಲ್ಲಿ ಯಾರ ಮುಖದಲ್ಲೂ ಇರಲಿಲ್ಲ.

ದೊಡ್ಡಪ್ಪ ಬೆರಳು ಮಡಿಚಿ ಎಣಿಸಿ, "ವರ್ಷ ದಾಟಿದ್ದು. ಮಿಂದ್ರೆ ಸಾಕು" ಎಂದು ಪಂಚೆ ಹಿಡಿದು ಬಾವಿಕಟ್ಟೆಗೆ ನಡೆದ. ಉಳಿದವರೂ ಹಿಂದೆ ಹೋದರು.

ಅಪ್ಪ ಕದಲಲಿಲ್ಲ. "ನಿಂಗ ಮೀಯಿರಿ. ಆನು ಹತ್ತು ದಿನ ಸೂತಕ ಕೂತ್ಗತ್ತೆ" ಎಂದ.

"ಶಾಸ್ತ್ರದಲ್ಲಿ ಹಂಗಿಲ್ಲೆ ತಮ್ಮ."

"ಎನ್ನ ಅಪ್ಪ ಹೋದಾಗ ಆನು ಕೂತ್ಗಂಡಿದ್ನಿಲ್ಲೆ."

ದೊಡ್ಡಪ್ಪನಿಗೆ ಅಪ್ಪ ಎದುರಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ವಾಪಸು ಬರುವಾಗ, ಮಿಂದು ಶುದ್ಧರಾದ ಆ ದೊಡ್ಡ ಮನುಷ್ಯರೆಲ್ಲ ಅಪ್ಪನನ್ನು ಮುಟ್ಟಬಾರದೆಂದು ವ್ಯಾನಿನ ಹಿಂದಿನ ಸೀಟುಗಳಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕುಳಿತರು. ನಾನು ಅಪ್ಪನ ಪಕ್ಕ ಕುಳಿತೆ. ಅವರ ಶುದ್ಧಿಯ ಬಗ್ಗೆ ಆವತ್ತು ಹುಟ್ಟಿದ ಹೇಸಿಗೆ ನನಗೆ ಇವತ್ತಿಗೂ ಹೋಗಿಲ್ಲ.

ಸಿರ್ಸಿ ಹತ್ತಿರ ಬಂದಾಗ ಅಪ್ಪ ಹಿಂದೆ ತಿರುಗಿ, "ಅತ್ಗೆ, ಫೋನಲ್ಲಿ ಅವ ಎಂತ ಅಂದಿದ್ದ?" ಎಂದು ಕೇಳಿದ. ದೊಡ್ಡಪ್ಪ ಕೆಮ್ಮಿದ. ದೊಡ್ಡಮ್ಮ ಸೆರಗು ಬಾಯಿಗೆ ಹಿಡಿದುಕೊಂಡಳು.

"'ಮಾಣಿ ಇದ್ದನ' ಹೇಳಿ ಕೇಳ್ದ" ಎಂದಳು.

ನಮ್ಮಲ್ಲಿ ಹಿರಿಯರು ಮನೆಯ ಹುಡುಗನನ್ನು ಕರೆಯುವುದು ಹಾಗೆ. ತಲೆ ಪೂರ್ತಿ ನೆರೆತಿದ್ದ ಅಪ್ಪನನ್ನು ಹಾಗೆ ಕರೆಯುವವರು ಅಷ್ಟರಲ್ಲಿ ಯಾರೂ ಉಳಿದಿರಲಿಲ್ಲ.