ಮೂರು ನಿಮಿಷದ ಸಂತೆ

ಕಣ್ಣಕ್ಕ ಹನ್ನೊಂದು ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ವಿಡಿಯೊ ಗೇಮ್ ಆಡಿದ್ದಾಳೆ. ಒಂದರ ಕೊನೆಯನ್ನೂ ನೋಡಿಲ್ಲ. ಆಟ ಆಡಿದ್ದಕ್ಕೆ ಸಂಬಳ ಕೊಡುತ್ತಾರಂತೆ, ಪುಣ್ಯವಂತೆ ಎಂದು ಅವಳ ನೆಂಟರೆಲ್ಲ ಹೊಟ್ಟೆ ಉರಿದುಕೊಳ್ಳುತ್ತಾರೆ. ಅಂಥವರನ್ನು ಒಂದು ದಿನ ಹಿಡಿದು ತಂದು ಅವಳ ಕುರ್ಚಿಯಲ್ಲಿ ಕೂರಿಸಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಮ್ಮದು ಹಳೆಯ ಆಟಗಳನ್ನು ಹೊಸದಾಗಿ ಕಟ್ಟಿಕೊಡುವ ಕಂಪನಿ. ಇಪ್ಪತ್ತು ವರ್ಷದ ಹಿಂದೆ ಜನ ಆಡಿ ಬಿಟ್ಟ ಆಟಕ್ಕೆ ಹೊಸ ಬಣ್ಣ, ಹೊಸ ಬೆಳಕು ಕೊಟ್ಟು ಈಗಿನ ಯಂತ್ರಗಳಲ್ಲಿ ಓಡಿಸುತ್ತೇವೆ. ಓಡುವುದು ಎಂದರೆ ಸೆಕೆಂಡಿಗೆ ಅರವತ್ತು ಚಿತ್ರ ಪರದೆಗೆ ಬರಬೇಕು. ಒಂದು ತಡವಾದರೂ ಆಟ ಮುಗ್ಗರಿಸುತ್ತದೆ. ಎಷ್ಟು ಮುಗ್ಗರಿಸಿತು ಎಂದು ಅಳೆಯಲು ಸಾಧನಗಳಿವೆ, ಆದರೆ ಎಲ್ಲಿ ಎಂದು ಹೇಳಲು ಕಣ್ಣಕ್ಕನೇ ಬೇಕು. ಪರದೆಯಲ್ಲಿ ನೂರು ಜನ ಓಡಾಡುತ್ತಿರುವಾಗ ಅವಳು ತಣ್ಣಗೆ, ಎಡಗಡೆ ಕುದುರೆ ಕತ್ತು ತಿರುಗಿಸಿದಾಗ ಎನ್ನುತ್ತಾಳೆ. ಹೋಗಿ ನೋಡಿದರೆ ಕುದುರೆಯ ಕತ್ತೇ. ಆ ಹೆಸರು ಅವಳಿಗೆ ಬಂದದ್ದು ಹಾಗೆ. ಅವಳು ಹೇಳಿದ ಜಾಗದ ಭಾರ ಇಳಿಸುವ ಪ್ರೋಗ್ರಾಮರ್ ನಾನು.

ನಮ್ಮ ಕೋಣೆಗೆ ಕಿಟಕಿ ಇದೆ, ಆದರೆ ಪರದೆಯ ಮೇಲೆ ಬೆಳಕು ಬೀಳಬಾರದೆಂದು ಅದಕ್ಕೆ ಕಪ್ಪು ಬಟ್ಟೆ ಹೊಡೆದಿದ್ದಾರೆ. ಬೆಳಗ್ಗೆ ಯಾವುದು, ಸಂಜೆ ಯಾವುದು ಒಳಗಿದ್ದವರಿಗೆ ಗೊತ್ತಾಗುವುದಿಲ್ಲ. ಉದ್ದ ಮೇಜಿನ ಮೇಲೆ ಐದು ಯಂತ್ರ. ಟಿವಿಗೆ ಜೋಡಿಸಿ ಆಡುವ ಹೊಸ ಕನ್ಸೋಲಿಗೆ ಅಕ್ಕ ಅಳಿಯ ಎಂದು ಹೆಸರಿಟ್ಟಿದ್ದಳು, ಏಕೆಂದರೆ ಅದಕ್ಕೆ ಎಲ್ಲ ಉಪಚಾರವೂ ಮೊದಲು. ಹಳೆಯದು ಮುದುಕ, ಬಿಸಿಯೇರಿದರೆ ಏದುಸಿರು ಬಿಡುತ್ತದೆ. ಕಂಪ್ಯೂಟರುಗಳಲ್ಲಿ ಒಂದು ಸಾಹುಕಾರ, ಇನ್ನೊಂದು ಬಡವ. ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರ ಕೂಸು. ನಮಗೆ ಹೆಚ್ಚು ಕಾಟ ಕೊಟ್ಟದ್ದು ಕೂಸೇ.

ಪ್ರತಿ ಆಟದಲ್ಲೂ ಯಂತ್ರದ ಮೇಲೆ ಅತಿ ಹೆಚ್ಚು ಭಾರ ಬೀಳುವ ಮೂರು ನಿಮಿಷದ ಜಾಗವೊಂದನ್ನು ಆರಿಸುತ್ತೇವೆ. ಅಲ್ಲಿ ಓಡಿದರೆ ಎಲ್ಲೆಡೆ ಓಡಿತು ಎಂದು ಲೆಕ್ಕ. ಅಕ್ಕ ಆಡುವುದು ಆ ಮೂರು ನಿಮಿಷವನ್ನೇ, ಐದು ಯಂತ್ರಗಳಲ್ಲಿ, ದಿನಕ್ಕೆ ಅರವತ್ತು ಎಪ್ಪತ್ತು ಸಲ. ಈಗ ಹೇಳಹೊರಟ ಆಟದಲ್ಲಿ ಅದು ಬೆಂಕಿ ಬಿದ್ದ ಸಂತೆ. ಅವಳು ಕೆಲಸಕ್ಕೆ ಸೇರಿದಾಗ ಈ ಆಟವನ್ನು ಕನ್ಸೋಲಿನಿಂದ ಕಂಪ್ಯೂಟರಿಗೆ ತಂದಿದ್ದರು. ಆಗ ಅವಳು ಆ ಸಂತೆಯಲ್ಲಿ ಎಂಟು ತಿಂಗಳು ಓಡಿದಳು. ಆರು ವರ್ಷ ಕಳೆದ ಮೇಲೆ ಮೆರುಗು ಕೊಟ್ಟು ಮತ್ತೆ ಬಿಟ್ಟರು, ಮತ್ತೆ ಸಂತೆ. ಈಗ ತಳದಿಂದ ಹೊಸದಾಗಿ ಕಟ್ಟಿದ್ದಾರೆ. ಮೂರನೆಯ ಸಲ ಅದೇ ಗುಡಾರಗಳಿಗೆ ಬೆಂಕಿ ಬಿದ್ದಾಗ ಅಕ್ಕ ನಕ್ಕಳು.

ಅವಳ ಗಂಡ ದರ್ಜಿ, ತಮಾಷೆಯ ಮನುಷ್ಯ. ನಮ್ಮ ಮನೆಯಲ್ಲಿ ಫ್ಯಾನು ಕೂಡ ಹೆದರಿಕೊಂಡೇ ತಿರುಗುತ್ತದೆ ಎನ್ನುತ್ತಾರೆ. ಸಿನಿಮಾಕ್ಕೆ ಕರೆದುಕೊಂಡು ಹೋದರೆ ಇವಳು ಕಥೆ ಬಿಟ್ಟು ಚಿತ್ರ ಎಲ್ಲಿ ತೊಡರಿತು ಎಂದು ನೋಡುತ್ತಾಳಂತೆ. ಬಸ್ಸಿನ ಕಿಟಕಿಯಿಂದ ಮರಗಳು ಹಿಂದೆ ಹೋಗುವುದನ್ನೂ ಹಾಗೇ ನೋಡುತ್ತೇನೆ, ಕೆಲಸ ಕಣ್ಣಿನೊಳಗೇ ಮನೆ ಮಾಡಿಬಿಟ್ಟಿದೆ ಎಂದು ಅವಳೇ ಒಮ್ಮೆ ಹೇಳಿಕೊಂಡಿದ್ದಳು.

ಅವಳಿಗೆ ಬೇಕಿದ್ದದ್ದು ಒಂದೇ. ಮೇಲಿನ ಮಹಡಿಯಲ್ಲಿ ವಿನ್ಯಾಸದವರಿದ್ದಾರೆ. ಆಟದೊಳಗಿನ ಬೀದಿ, ಮನೆ, ಸೇತುವೆಗಳನ್ನು ಕಟ್ಟುವವರು. ಅಲ್ಲಿಗೆ ಹೋಗಬೇಕು. ಕೇಳಿದಾಗಲೆಲ್ಲ ನಮ್ಮ ಮುಖ್ಯಸ್ಥರು ಈ ಆಟವೊಂದು ಹೊರಬೀಳಲಿ ಎಂದು ಮೂಗಿಗೆ ತುಪ್ಪ ಸವರುತ್ತಿದ್ದರು. ಈ ವರ್ಷ ಮೇಲೆ ಒಂದು ಜಾಗ ಖಾಲಿಯಾಯಿತು. ವಿನ್ಯಾಸದ ಮೇಡಂ ತಾವಾಗಿಯೇ ಅಕ್ಕನನ್ನು ಕಳಿಸಿಕೊಡಿ ಎಂದು ಕೇಳಿದರು. ಮುಖ್ಯಸ್ಥರು ಇಲ್ಲ ಎನ್ನಲಿಲ್ಲ. ಶುಕ್ರವಾರದೊಳಗೆ ಕೂಸಿನಲ್ಲಿ ಸಂತೆ ಮುಗ್ಗರಿಸದೆ ಓಡಿದರೆ ಹೋಗಬಹುದು ಎಂದರು.

ಕೂಸಿನಲ್ಲಿ ಸಂತೆ ಸೆಕೆಂಡಿಗೆ ನಲವತ್ತು ಚಿತ್ರದ ಮೇಲೆ ಏಳುತ್ತಿರಲಿಲ್ಲ. ನಾನು ಹೊಗೆ ತೆಳುವಾಗಿಸಿದೆ, ಜನರನ್ನು ಕಡಿಮೆ ಮಾಡಿದೆ, ತಲೆ ಚಿಟ್ಟುಹಿಡಿಯುವಷ್ಟು ಒದ್ದಾಡಿದೆ. ಕಾರಣ ಕಂಡುಹಿಡಿದದ್ದು ಅಕ್ಕ. ಸಂತೆಯಿಂದ ನದಿಗೆ ಇಳಿಯುವ ಓಣಿಯೊಂದಿತ್ತು. ಹಳೆಯ ಆಟದಲ್ಲಿ ಅದರ ತುಂಬ ಮಂಜು. ಅಂದಕ್ಕಲ್ಲ, ಆಗಿನ ಯಂತ್ರದ ಬಡತನ ಮುಚ್ಚಲು ಹಾಕಿದ ಮಂಜು. ಹೊಸದಾಗಿ ಕಟ್ಟುವಾಗ ಯಾರೋ ಮಂಜನ್ನು ತೆಗೆದರು, ನದಿ ಥಳಥಳ ಕಂಡಿತು. ಸಂತೆಯಲ್ಲಿ ನಿಂತವನು ಓಣಿಯ ಕಡೆ ಒಮ್ಮೆ ತಿರುಗಿದರೆ ಸಾಕು, ಪಾಪ ಕೂಸು ಬೆಂಕಿಯ ಜೊತೆ ಇಡೀ ನದಿಯನ್ನೂ ಬಿಡಿಸಬೇಕಿತ್ತು.

ಮೇಲಿನ ಮಹಡಿಯವರು ಓಣಿಗೆ ಗೋಡೆ ಎಬ್ಬಿಸಿಬಿಡೋಣ ಎಂದರು. ಅಕ್ಕ ಒಪ್ಪಲಿಲ್ಲ. ಚಿಕ್ಕವರಿದ್ದಾಗ ಆ ಓಣಿಯ ಮಂಜು ದಾಟಿ ಓಡಿ ನದಿ ಕಂಡವರು ಈಗ ಗೋಡೆಗೆ ಹಣೆ ಚಚ್ಚಿಕೊಳ್ಳಬೇಕೇ ಎಂದು ಜಗಳಕ್ಕೇ ನಿಂತಳು. ಕಾಗದದ ಮೇಲೆ ಪೆನ್ಸಿಲಿನಲ್ಲಿ ಓಣಿಗೆ ಒಂದು ತಿರುವು ಬರೆದಳು. ತಿರುವು ದಾಟುವಷ್ಟರಲ್ಲಿ ಬೆಂಕಿ ಬೆನ್ನ ಹಿಂದಾಗುತ್ತದೆ, ಆಮೇಲೆ ನದಿ ತಟ್ಟನೆ ಎದುರಾಗುತ್ತದೆ. ಕಟ್ಟಿ ನೋಡಿದರು. ಗುರುವಾರ ಮಧ್ಯಾಹ್ನ ಕೂಸಿನಲ್ಲಿ ಸಂತೆ ಅರವತ್ತಕ್ಕೆ ಏರಿತು, ಇಳಿಯಲೇ ಇಲ್ಲ. ನದಿಯೂ ಮೊದಲಿಗಿಂತ ಚೆನ್ನಾಗಿ ಕಂಡಿತು. ಮೇಡಂ ಕೆಳಗಿಳಿದು ಬಂದು ಅಕ್ಕನ ಕೈ ಕುಲುಕಿದರು. ಅವಳು ಅಷ್ಟು ಹಿಗ್ಗಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಶುಕ್ರವಾರ ಮುಖ್ಯಸ್ಥರು ನನ್ನನ್ನು ಒಳಗೆ ಕರೆದರು. ಅಕ್ಕ ಹೋದರೆ ನಿಭಾಯಿಸುತ್ತೀಯಾ ಎಂದು ಕೇಳಿದರು. ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು.

“ಅಕ್ಕ ಇಲ್ದಿದ್ರೆ ಈ ಕೋಣೆ ನಡೆಯಲ್ಲ ಸರ್,” ಎಂದೆ.

ಹೊಗಳುತ್ತಿದ್ದೇನೆ ಎಂದುಕೊಂಡೇ ಹೇಳಿದೆ. ಹಾಗೆ ನನಗೆ ನಾನೇ ಹೇಳಿಕೊಂಡು ಎರಡು ದಿನ ಕಳೆದೆ. ನಿಜವೇನೆಂದರೆ ನನಗೆ ಭಯವಾಗಿತ್ತು. ಅವಳು ಜಾಗ ತೋರಿಸದಿದ್ದರೆ ನಾನು ಯಾವುದರ ಭಾರ ಇಳಿಸಲಿ? ಕತ್ತಲಲ್ಲಿ ತಡಕಾಡಿ ನಾಲ್ಕು ಜನರೆದುರು ಮಾನ ಕಳೆದುಕೊಳ್ಳುತ್ತಿದ್ದೆ.

ಸೋಮವಾರ ಅಕ್ಕನಿಗೆ ಪತ್ರ ಬಂತು. ಅವಳನ್ನು ನಮ್ಮ ಪರೀಕ್ಷೆಯ ಕೋಣೆಗೇ ಮೇಲ್ವಿಚಾರಕಿಯನ್ನಾಗಿ ಮಾಡಿದ್ದರು. ಮುಖ್ಯಸ್ಥರು ಎಲ್ಲರೆದುರು ಇಂಥ ಕಣ್ಣನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ ಎಂದು ಚಪ್ಪಾಳೆ ತಟ್ಟಿಸಿದರು. ಮೇಲಿನ ಜಾಗಕ್ಕೆ ಹೊರಗಿನಿಂದ ಒಬ್ಬರನ್ನು ತಂದರು. ಅಕ್ಕ ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಬಂದು ಕೂತು, ಮುದುಕನನ್ನು ಆನ್ ಮಾಡಿದಳು. ಅದರಲ್ಲಿ ಸಂತೆಯ ಪರೀಕ್ಷೆ ಇನ್ನೂ ಬಾಕಿಯಿತ್ತು.

ಒಂದು ಸುತ್ತು ಆಡಿದ ಮೇಲೆ, ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು. “ನಿನ್ನನ್ನೂ ಕೇಳಿದ್ರಂತೆ. ಏನಂದೆ?”

ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರವಾಗಬಹುದಿತ್ತು.

“ನಾನು ಹೋಗಿದ್ರೆ ಹತ್ತು ದಿನ ಕಷ್ಟ ಆಗ್ತಿತ್ತು ಕಣೇ. ಆಮೇಲೆ ನೀನೇ ನೋಡೋದು ಕಲೀತಿದ್ದೆ,” ಎಂದಳು. ಇನ್ನೊಂದು ಸುತ್ತು ಶುರುಮಾಡುತ್ತಾ, “ಈಗ್ಲೂ ಕಲಿ. ಇನ್ನೊಬ್ರು ತಯಾರಾದ್ರೆ ನಾನು ಮತ್ತೆ ಕೇಳಬಹುದು,” ಎಂದಳು.

ಅವತ್ತಿನಿಂದ ದಿನಾ ಊಟವಾದ ಮೇಲೆ ಅರ್ಧ ಗಂಟೆ ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಪೂರ್ತಿ ಚಿತ್ರ ನೋಡಬೇಡ, ಚಲಿಸುವ ಒಂದು ಅಂಚನ್ನು ಹಿಡಿ, ಅದರ ಜೊತೆ ಹೋಗು, ಅದು ನಿಂತಲ್ಲಿ ನಿಲ್ಲು ಎಂದು ಹೇಳಿಕೊಟ್ಟಳು. ಐದು ವಾರ ನನಗೆ ಏನೂ ಕಾಣಲಿಲ್ಲ. ಅವಳಿಗೆ ಬೇಸರ ಬರಲಿಲ್ಲ. ಹಾಗೆ ತಾಳ್ಮೆಯಿಂದ ಯಾರೂ ನನಗೆ ಏನನ್ನೂ ಕಲಿಸಿಲ್ಲ.

ನಿನ್ನೆ ಮುದುಕನಲ್ಲಿ ಸಂತೆ ಓಡುತ್ತಿತ್ತು. ಬಲಗಡೆ ಗುಡಾರದ ಬಟ್ಟೆ ಹೊತ್ತಿಕೊಂಡು ಗಾಳಿಗೆ ಮಡಚಿಕೊಂಡಿತು. ಆ ಮಡಿಕೆ ಅರ್ಧದಲ್ಲಿ ತಡೆದು ನಿಂತು, ಮತ್ತೆ ಹೊರಟಿತು. ಅನ್ನದಲ್ಲಿ ಕಲ್ಲು ಸಿಕ್ಕಷ್ಟು ಸ್ಪಷ್ಟವಾಗಿ ನನಗೆ ಕಂಡಿತು. ಮುಂದಿನ ಸುತ್ತಿನಲ್ಲೂ ಕಂಡಿತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

“ಕಾಣ್ತಾ?” ಎಂದಳು.

ಹನ್ನೊಂದು ವರ್ಷ, ಕಪ್ಪು ಬಟ್ಟೆ ಹೊಡೆದ ಕಿಟಕಿ, ದಿನಕ್ಕೆ ಎಪ್ಪತ್ತು ಸಲ ಅದೇ ಬೆಂಕಿ, ಕೊನೆ ಕಾಣದ ನಲವತ್ತು ಆಟ, ಎಲ್ಲ ನನ್ನ ಕಣ್ಣ ಮುಂದೆ ಬಂತು. ಕಂಡಿತು ಎಂದರೆ ನಾಳೆಯಿಂದ ಆ ಕುರ್ಚಿ ನನ್ನದು.

“ಇಲ್ಲ ಅಕ್ಕ,” ಎಂದೆ.

ಇರಲಿ ಬಿಡು, ನಾಳೆ ನೋಡೋಣ ಎಂದು ಅವಳು ಸಂತೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿದಳು.